ಹೊಳೆ ದಂಡೆಗೆ ಗೋಡೆ ಬೇಕಾ, ಮೆಟ್ಟಿಲು ಬೇಕಾ?

ಪ್ರಶ್ನೆ: ನಮ್ಮದು ತುಂಗಭದ್ರೆಯ ದಂಡೆಯ ಊರು. ಹೊಳೆಗೆ ಇಳಿಯುವ ಹಳೇ ಕಲ್ಲಿನ ಮೆಟ್ಟಿಲು ನಮ್ಮ ಮನೆಯಿಂದ ಐದು ನಿಮಿಷ. ಈಗ ನಗರಸಭೆಯವರು 'ರಿವರ್ ಫ್ರಂಟ್' ಮಾಡ್ತೀವಿ ಅಂತ ನಕ್ಷೆ ತೋರಿಸಿದ್ದಾರೆ. ಒಂದೂಕಾಲು ಕಿಲೋಮೀಟರ್ ಉದ್ದಕ್ಕೆ ಕಾಂಕ್ರೀಟ್ ತಡೆಗೋಡೆ, ಮೇಲೆ ವಾಕಿಂಗ್ ಟ್ರ್ಯಾಕ್, ಸ್ಟೀಲ್ ಗ್ರಿಲ್, ಬಣ್ಣದ ದೀಪ, ಫುಡ್ ಕೋರ್ಟ್. ಗೋಡೆ ಈಗಿನ ದಂಡೆಗಿಂತ ಸ್ವಲ್ಪ ಹೊಳೆಯೊಳಗೇ ಬರುತ್ತದಂತೆ, ಹಿಂದಿನ ಜಾಗಕ್ಕೆ ಮಣ್ಣು ತುಂಬಿಸಿ ಪಾರ್ಕ್ ಮಾಡುತ್ತಾರಂತೆ. ಹಳೇ ಮೆಟ್ಟಿಲು ಒಡೆಯುತ್ತಾರೆ. 'ಸಾಬರಮತಿ ಥರ ಆಗುತ್ತೆ' ಅಂತ ಎಲ್ಲರೂ ಖುಷಿಯಲ್ಲಿದ್ದಾರೆ. ಸಂಜೆ ನಡೆದಾಡಲು ನನಗೂ ಒಳ್ಳೆ ಜಾಗ ಬೇಕು. ಆದರೆ ನಮ್ಮತ್ತೆ ಕಾರ್ತಿಕ ಮಾಸದಲ್ಲಿ ಅಲ್ಲೇ ದೀಪ ಬಿಡುತ್ತಾರೆ. ನಾಲ್ಕೈದು ಮನೆಯವರು ಅಲ್ಲೇ ಬಟ್ಟೆ ಒಗೆದು ಜೀವನ ಮಾಡುತ್ತಾರೆ. ಹುಡುಗರು ಈಜುತ್ತಾರೆ. ಎರಡು ವರ್ಷದ ಹಿಂದೆ ಒಬ್ಬ ಹುಡುಗ ಮುಳುಗಿ ಹೋದ, ಹಾಗಾಗಿ ಗ್ರಿಲ್ ಇದ್ದರೇ ಒಳ್ಳೇದು ಅಂತಲೂ ಅನಿಸುತ್ತದೆ. 2019ರಲ್ಲಿ ನಮ್ಮ ಬೀದಿಗೆ ನೀರು ನುಗ್ಗಿತ್ತು. ಗೋಡೆ ಕಟ್ಟಿದರೆ ಅದು ನಿಲ್ಲುತ್ತಾ? ವಾರ್ಡ್ ಸಭೆಯಲ್ಲಿ ನಾನು ಏನು ಕೇಳಬೇಕು? ಕೇಳಿದರೆ ಅಭಿವೃದ್ಧಿಗೆ ಅಡ್ಡ ಬಂದಳು ಅನ್ನುತ್ತಾರೇನೋ ಅಂತ ಭಯ.

ಉತ್ತರ: ನಿಮ್ಮ ಪತ್ರದಲ್ಲಿ ನೆರೆಯ ಭಯ ಇದೆ, ಮಕ್ಕಳ ಜೀವದ ಭಯ ಇದೆ, ಹೊಳೆಗೆ ಇಳಿಯುವ ದಾರಿ ಮುಚ್ಚಿಹೋಗುತ್ತದಲ್ಲ ಅನ್ನುವ ಸಂಕಟ ಇದೆ. ಇವೆಲ್ಲದರ ಜೊತೆಗೆ 'ನಾನು ಅಡ್ಡ ಬರ್ತಿದ್ದೀನಾ' ಅನ್ನುವ ಅಳುಕೂ ಇದೆ. ಮೊದಲು ಆ ಅಳುಕು ಬಿಟ್ಟುಬಿಡಿ. ಡಿಪಿಆರ್ (ಯೋಜನೆಯ ವಿವರವಾದ ವರದಿ) ಇನ್ನೂ ಕಾಗದದಲ್ಲಿ ಇರುವಾಗ ಕೇಳಿದ ಪ್ರಶ್ನೆಗೆ ಖರ್ಚು ಒಂದು ಪೆನ್ಸಿಲ್ ಗೀಟಿನಷ್ಟು. ಗೋಡೆ ಎದ್ದ ಮೇಲೆ ಅದೇ ಪ್ರಶ್ನೆಗೆ ಕೋಟಿಗಟ್ಟಲೆ ಖರ್ಚು. ನಾನು ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಾಲ ಹೊಳೆ ದಂಡೆ, ಕೆರೆ ಏರಿಗಳ ವಿನ್ಯಾಸದ ಕೆಲಸ ಮಾಡಿದ್ದೇನೆ. ನಿಮ್ಮಂಥವರು ಸಭೆಗೆ ಬಂದು ಕೇಳಿದ ಊರುಗಳಲ್ಲೇ ಕೆಲಸ ಚೆನ್ನಾಗಿ ಆಗಿದೆ.

ನೆರೆಯ ವಿಷಯಕ್ಕೆ ಬರುತ್ತೇನೆ. ಗೋಡೆ ಕಟ್ಟಿದರೆ ನೆರೆ ನಿಲ್ಲುತ್ತದೆ ಅನ್ನುವುದು ತುಂಬ ಬೇರೂರಿದ ನಂಬಿಕೆ. ಅದರಲ್ಲಿ ಅರ್ಧ ಮಾತ್ರ ನಿಜ.

ಗೋಡೆ ನೀರನ್ನು ಕಡಿಮೆ ಮಾಡುವುದಿಲ್ಲ. ಮೇಲಿಂದ ಎಷ್ಟು ಬರುತ್ತದೋ ಅಷ್ಟೂ ನಿಮ್ಮ ಊರು ದಾಟಿ ಹೋಗಲೇಬೇಕು. ಅಗಲದಲ್ಲಿ ನಾವು ಕಿತ್ತುಕೊಂಡಿದ್ದನ್ನು ಹೊಳೆ ಎತ್ತರದಲ್ಲಿ ವಸೂಲಿ ಮಾಡುತ್ತದೆ. ಒಂದು ಸಣ್ಣ ಲೆಕ್ಕ ನೋಡಿ. ಹೊಳೆ 300 ಮೀಟರ್ ಅಗಲ ಇದೆ, ದೊಡ್ಡ ನೆರೆಯಲ್ಲಿ 5 ಮೀಟರ್ ಆಳಕ್ಕೆ ಹರಿಯುತ್ತದೆ ಅಂದುಕೊಳ್ಳಿ. ಎರಡೂ ದಂಡೆಯಲ್ಲಿ ಮಣ್ಣು ತುಂಬಿಸಿ ಅಗಲವನ್ನು 240 ಮೀಟರಿಗೆ ಇಳಿಸಿದರೆ, ತಳದ ಇಳಿಜಾರು, ಒರಟುತನ ಅಷ್ಟೇ ಇದ್ದಾಗ, ಅದೇ ನೆರೆಗೆ ಸುಮಾರು 5.7 ಮೀಟರ್ ಆಳ ಬೇಕಾಗುತ್ತದೆ. ಎಪ್ಪತ್ತು ಸೆಂಟಿಮೀಟರ್ ಜಾಸ್ತಿ. ನಿಮ್ಮ ಮನೆಯ ನೆಲದಿಂದ ಅಷ್ಟು ಅಳೆದು ನೋಡಿ, ಮಂಚದ ಮೇಲಿನ ಹಾಸಿಗೆ ನೆನೆಯುತ್ತದೆ. ಗೋಡೆ ಎತ್ತರ ಇದ್ದರೆ ಆ ನೀರು ನಿಮ್ಮ ಬೀದಿಗೆ ಬರದೆ ಇರಬಹುದು. ಆಗ ಅದು ಎದುರು ದಂಡೆಗೆ ಹೋಗುತ್ತದೆ, ಇಲ್ಲವೇ ಹಿಂದಕ್ಕೆ ಒತ್ತಿ ಗೋಡೆ ಶುರುವಾಗುವುದಕ್ಕಿಂತ ಮೇಲಿರುವ ಹಳ್ಳಿಯ ಗದ್ದೆಗೆ ಹತ್ತುತ್ತದೆ. ಜೊತೆಗೆ ಹರಿಯುವ ವೇಗವೂ ಏರುತ್ತದೆ. ಆ ವೇಗ ಗೋಡೆಯ ಬುಡದ ಮರಳನ್ನು ಕೊರೆಯುತ್ತದೆ. ಗೋಡೆಗಳು ಬೀಳುವುದು ಸಾಮಾನ್ಯವಾಗಿ ಹಾಗೆಯೇ, ಬುಡದಿಂದ.

ಇನ್ನೊಂದು ಸಂಗತಿ ಇದೆ, ಇದನ್ನು ಬಹಳ ಜನ ಯೋಚಿಸುವುದೇ ಇಲ್ಲ. ಹೊಳೆ ಗೋಡೆ ಹತ್ತಿ ಊರಿಗೆ ಬರಬೇಕಾಗಿಲ್ಲ. ಚರಂಡಿಯಲ್ಲಿ ಬರುತ್ತದೆ. ನಿಮ್ಮ ಊರಿನ ಮಳೆನೀರು ಈಗ ಎಲ್ಲೋ ಒಂದು ಹಳ್ಳದಿಂದಲೋ ಮೋರಿಯಿಂದಲೋ ಹೊಳೆಗೆ ಸೇರುತ್ತಿದೆ, ಅಲ್ವಾ? ಹೊಳೆಯ ಮಟ್ಟ ಮೋರಿಯ ಬಾಯಿಗಿಂತ ಮೇಲೆ ಬಂದರೆ ನೀರು ಉಲ್ಟಾ ಹೊಡೆಯುತ್ತದೆ. ಅದನ್ನು ತಡೆಯಲು ಮೋರಿ ಬಾಯಿಗೆ ಒಂದೇ ಕಡೆ ತೆರೆಯುವ ಬಾಗಿಲು ಹಾಕುತ್ತಾರೆ. ಹೊಳೆ ಏರಿದಾಗ ಅದು ಮುಚ್ಚಿಕೊಳ್ಳುತ್ತದೆ, ಸರಿ. ಆದರೆ ಅದೇ ಹೊತ್ತಿಗೆ ಊರಲ್ಲೂ ಮಳೆ ಹೊಡೆಯುತ್ತಿದ್ದರೆ ಆ ನೀರು ಹೋಗುವುದೆಲ್ಲಿಗೆ? ಗೋಡೆಯ ಒಳಗೆ, ನಿಮ್ಮ ಬೀದಿಯಲ್ಲಿ ನಿಲ್ಲುತ್ತದೆ. ಪಂಪ್ ಇಟ್ಟು ಎತ್ತಿ ಹಾಕಬೇಕು. ಪಂಪಿಗೆ ಕರೆಂಟ್ ಬೇಕು. ನೆರೆ ಬಂದ ದಿನ ಕರೆಂಟ್ ಇರುತ್ತದಾ? ಹಾಗಾಗಿ 2019ರಲ್ಲಿ ನಿಮ್ಮ ಬೀದಿಗೆ ನೀರು ಯಾವ ಕಡೆಯಿಂದ ಬಂತು ಅನ್ನುವುದನ್ನು ಹಿರಿಯರ ಹತ್ತಿರ ವಿಚಾರಿಸಿ. ದಂಡೆ ಮೇಲಿಂದ ಹರಿದು ಬಂತಾ, ಚರಂಡಿ ಉಕ್ಕಿ ಬಂತಾ? ಎರಡನೆಯದಾದರೆ ನೀವು ಕೇಳಬೇಕಾದ್ದು ಗೋಡೆಯನ್ನಲ್ಲ.

ನಿಮ್ಮ ಹೊಳೆಯ ಸ್ವಭಾವವನ್ನೂ ತಿಳಿದಿರಬೇಕು. ಕೂಡ್ಲಿಯಲ್ಲಿ ಎರಡು ಹೊಳೆ ಸೇರಿ ತುಂಗಭದ್ರೆ ಆಗುತ್ತದೆ. ಭದ್ರೆಗೆ ಲಕ್ಕವಳ್ಳಿಯಲ್ಲಿ ದೊಡ್ಡ ಜಲಾಶಯ ಇದೆ, 71 ಟಿಎಂಸಿಗಿಂತ ಜಾಸ್ತಿ ಹಿಡಿಯುತ್ತದೆ. ತುಂಗೆಗೆ ಗಾಜನೂರಿನಲ್ಲಿ ಇರುವುದು ಬರೀ 3.24 ಟಿಎಂಸಿ. ಅದು ಮುಂಗಾರಿನ ಶುರುವಿನಲ್ಲೇ ತುಂಬಿಬಿಡುತ್ತದೆ. ಆಮೇಲೆ ಶೃಂಗೇರಿ, ತೀರ್ಥಹಳ್ಳಿ ಕಡೆ ಸುರಿದ ಮಳೆಯೆಲ್ಲ ಗೇಟು ದಾಟಿ ಕೆಳಗೆ ಬರುತ್ತದೆ. ಅಂದರೆ ನಿಮ್ಮ ಊರಲ್ಲಿ ಬಿಸಿಲಿದ್ದ ದಿನವೂ ಹೊಳೆ ಏರಬಹುದು. ಈ ಹೊಳೆ ಮಳೆಗಾಲದಲ್ಲಿ ದಂಡೆ ತುಂಬುವುದು ಅನಾಹುತ ಅಲ್ಲ, ಅದರ ವಾಡಿಕೆ. ವಿನ್ಯಾಸ ಮಾಡುವವರು ಅಲ್ಲಿಂದ ಶುರು ಮಾಡಬೇಕು.

ಈಗ ಸಾಬರಮತಿ. ಆ ದಂಡೆಯನ್ನು ನೋಡಿ ಮೆಚ್ಚಿದವರನ್ನು ನಾನು ತಪ್ಪು ಅನ್ನಲ್ಲ. ಕಿಕ್ಕಿರಿದ ಅಹಮದಾಬಾದಿನಲ್ಲಿ ಟಿಕೆಟ್ ಇಲ್ಲದೆ, ಯಾರನ್ನೂ ಕೇಳದೆ ಕಿಲೋಮೀಟರ್‌ಗಟ್ಟಲೆ ನಡೆಯುವ ಜಾಗ ಸಿಕ್ಕಿದ್ದು ಸಣ್ಣ ಮಾತಲ್ಲ. ದಂಡೆಯನ್ನು ರೂಪಿಸುವ ಯೋಚನೆ ಅಲ್ಲಿ 1960ರ ದಶಕದಿಂದಲೂ ಇತ್ತು. 1997ರಲ್ಲಿ ಅದಕ್ಕೆಂದೇ ಒಂದು ಕಂಪನಿ ಮಾಡಿದರು, 2005ರಲ್ಲಿ ಕೆಲಸ ಶುರುವಾಯಿತು, 2012ರಿಂದ ಜನರಿಗೆ ತೆರೆಯಿತು. ವಾಸ್ತುಶಿಲ್ಪಿ ಬಿಮಲ್ ಪಟೇಲ್ ಅವರ ತಂಡದ ವಿನ್ಯಾಸ. ಒಂದೊಂದು ದಂಡೆಯಲ್ಲೂ ಸುಮಾರು 11 ಕಿಲೋಮೀಟರ್. ಎಲ್ಲೋ ಅಗಲ ಎಲ್ಲೋ ಕಿರಿದು ಇದ್ದ ಪಾತ್ರವನ್ನು 263 ಮೀಟರಿನ ಒಂದೇ ಅಗಲಕ್ಕೆ ತಂದರು. ಹಾಗೆ 200 ಹೆಕ್ಟೇರಿನಷ್ಟು ಹೊಸ ನೆಲ ಸಿಕ್ಕಿತು. ಅದರ ಒಂದು ಭಾಗ ಮಾರಿ ಯೋಜನೆಯ ಖರ್ಚು ಹೊರುವ ಲೆಕ್ಕ ಅವರದು.

ಆದರೆ ಅದು ನಿಮ್ಮ ಹೊಳೆಯಂಥ ಹೊಳೆ ಅಲ್ಲ. ಅಲ್ಲಿ ಮಳೆಗಾಲ ಬಿಟ್ಟರೆ ವರ್ಷದ ಬಹುಪಾಲು ಮರಳೇ ಕಾಣುತ್ತಿತ್ತು. ಈಗ ಊರ ಮಧ್ಯೆ ತುಂಬಿ ನಿಂತ ನೀರು ನರ್ಮದಾ ಕಾಲುವೆಯಿಂದ ಬಿಟ್ಟಿದ್ದು, ಕೆಳಗಡೆ ವಾಸಣಾ ಬ್ಯಾರೇಜ್ ಅದನ್ನು ಹಿಡಿದಿಟ್ಟಿದೆ. ದಂಡೆಯ ಮೇಲಿದ್ದ ಸಾವಿರಾರು ಕುಟುಂಬ ಬೇರೆ ಕಡೆ ಹೋಗಬೇಕಾಯಿತು. ಮರಳಿನ ಮೇಲೆ ನಡೆಯುತ್ತಿದ್ದ ಭಾನುವಾರದ ಸಂತೆಗೆ ದಂಡೆಯಲ್ಲೇ ಹೊಸ ಕಟ್ಟೆ, ನೆರಳು ಮಾಡಿಕೊಟ್ಟರು, ಇದು ಒಳ್ಳೆಯ ಕೆಲಸ. ಆದರೆ ಊರು ದಾಟಿ ಬ್ಯಾರೇಜಿನ ಕೆಳಗೆ ಹೋದರೆ ಅದೇ ಹೊಳೆ ಕೊಳಚೆ ಮತ್ತು ಕಾರ್ಖಾನೆ ನೀರಿನಿಂದ ಕಪ್ಪಾಗಿದೆ. 2021ರಲ್ಲಿ ಗುಜರಾತ್ ಹೈಕೋರ್ಟ್ ತಾನಾಗಿಯೇ ಆ ವಿಷಯ ಕೈಗೆತ್ತಿಕೊಂಡಿತು. ದಕ್ಷಿಣ ಕೊರಿಯಾದ ಸೋಲ್ ನಗರದ ಚಂಗ್ಯೆಚಾನ್ ಹೊಳೆಯ ಫೋಟೋ ಕೂಡ ಇಂಥ ಸಭೆಗಳಲ್ಲಿ ತೋರಿಸುತ್ತಾರೆ. 2003ರಿಂದ 2005ರ ಒಳಗೆ ಮೇಲ್ಸೇತುವೆ ಒಡೆದು ಸುಮಾರು 5.8 ಕಿಲೋಮೀಟರ್ ಹೊಳೆಯನ್ನು ಬೆಳಕಿಗೆ ತಂದರು, ಮೆಚ್ಚಬೇಕಾದ್ದೇ. ಆದರೆ ಅಲ್ಲಿ ಹರಿಯುವುದೂ ಹೆಚ್ಚಾಗಿ ಪಂಪಿನ ನೀರೇ, ದಿನಕ್ಕೆ ಸುಮಾರು 1.2 ಲಕ್ಷ ಟನ್. ನಿಮ್ಮ ನಗರಸಭೆ ಅಂಥ ಕರೆಂಟ್ ಬಿಲ್ ಕಟ್ಟಲು ತಯಾರಿದೆಯಾ?

ಬೇಸಿಗೆಯಲ್ಲಿ ಬಂಡೆ, ಮರಳು ಕಾಣುತ್ತವೆ, ಚೆನ್ನಾಗಿರಲ್ಲ, ಅದಕ್ಕೆ ಸಣ್ಣದೊಂದು ಬ್ಯಾರೇಜ್ ಕಟ್ಟಿ ನೀರು ನಿಲ್ಲಿಸೋಣ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ತುಂಬಿ ನಿಂತ ನೀರು ಅಂದರೆ ಆರೋಗ್ಯವಾದ ಹೊಳೆ ಅನ್ನುವುದೂ ಒಂದು ತಪ್ಪು ನಂಬಿಕೆ. ಹರಿಯುವ ನೀರು ಬಂಡೆಗೆ ಬಡಿದು ಗಾಳಿ ಕುಡಿಯುತ್ತದೆ, ಅಷ್ಟಿಷ್ಟು ಕೊಳೆಯನ್ನು ತಾನೇ ತೊಳೆದುಕೊಳ್ಳುತ್ತದೆ. ಊರಿನ ಕೊಳಚೆ ಹೊಳೆಗೆ ಬರುತ್ತಿರುವಾಗ ನೀರು ನಿಲ್ಲಿಸಿದರೆ ನೀವು ಕಟ್ಟಿದ್ದು ಊರಿಗೆಲ್ಲ ಒಂದೇ ಸೆಪ್ಟಿಕ್ ಟ್ಯಾಂಕ್. ಎರಡೇ ಬೇಸಿಗೆಯಲ್ಲಿ ಅಂತರಗಂಗೆ ಕಳೆ ಹಬ್ಬುತ್ತದೆ, ಸೊಳ್ಳೆ ಬರುತ್ತದೆ, ಸಂಜೆ ವಾಕಿಂಗಿಗೆ ಬಂದವರು ಮೂಗು ಮುಚ್ಚಿಕೊಳ್ಳುತ್ತಾರೆ.

ಹಾಗಾಗಿ ದಂಡೆಯ ಕೆಲಸದಲ್ಲಿ ಮೊದಲ ರೂಪಾಯಿ ದಂಡೆಗೆ ಹೋಗಬಾರದು, ಮೋರಿ ಬಾಯಿಗೆ ಹೋಗಬೇಕು. ಒಂದೂಕಾಲು ಕಿಲೋಮೀಟರಿನಲ್ಲಿ ಎಷ್ಟು ಮೋರಿ ಹೊಳೆಗೆ ಬೀಳುತ್ತವೆ? ಯಾವುದರಲ್ಲಿ ಮಳೆನೀರು, ಯಾವುದರಲ್ಲಿ ಬಚ್ಚಲು ಮತ್ತು ಕಕ್ಕಸಿನ ನೀರು? ಯುಜಿಡಿ (ಒಳಚರಂಡಿ) ಆಗಿದೆಯಾ? ಆಗಿದ್ದರೆ ಮನೆಗಳ ಕನೆಕ್ಷನ್ ಆಗಿದೆಯಾ, ಇಲ್ಲಾ ಮ್ಯಾನ್‌ಹೋಲ್ ಮಾತ್ರ ಇದೆಯಾ? ಬೆಂಗಳೂರಿನಲ್ಲಿ ಕೋರಮಂಗಲ ಕಣಿವೆಯ ರಾಜಕಾಲುವೆಯ ದಂಡೆಯನ್ನು ಜನ ನಡೆದಾಡುವಂತೆ ಮಾಡಲು ಹೊರಟಾಗಲೂ ಎಲ್ಲಕ್ಕಿಂತ ದೊಡ್ಡ, ಎಲ್ಲಕ್ಕಿಂತ ಕಷ್ಟದ ಕೆಲಸ ಕಾಲುವೆಗೆ ಬೀಳುತ್ತಿದ್ದ ಕೊಳಚೆಯನ್ನು ಬೇರೆ ಮಾಡುವುದೇ ಆಗಿತ್ತು. ಸ್ನಾನಕ್ಕೆ ಯೋಗ್ಯ ಅನ್ನಲು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಅಳತೆ ಇದೆ: ನೀರಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 5 ಮಿಲಿಗ್ರಾಂ ಅಥವಾ ಜಾಸ್ತಿ, ಬಿಒಡಿ (ನೀರಿನ ಕೊಳೆಯನ್ನು ಕೊಳೆಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕ) 3 ಮಿಲಿಗ್ರಾಂ ಅಥವಾ ಕಡಿಮೆ, ಕೋಲಿಫಾರ್ಮ್ ಬ್ಯಾಕ್ಟೀರಿಯಾ 100 ಮಿಲಿಲೀಟರಿಗೆ 500ರ ಒಳಗೆ. ನಿಮ್ಮ ಮೆಟ್ಟಿಲಿನ ಹತ್ತಿರದ ನೀರನ್ನು ಏಪ್ರಿಲ್‌ನಲ್ಲಿ ಒಮ್ಮೆ, ಮಳೆಗಾಲದಲ್ಲಿ ಒಮ್ಮೆ ಪರೀಕ್ಷೆ ಮಾಡಿಸಿ ಅಂತ ಕೇಳಿ. ಆ ಎರಡು ಹಾಳೆ ಕೈಯಲ್ಲಿದ್ದರೆ ಬಣ್ಣದ ದೀಪದ ಮಾತು ತಾನಾಗಿಯೇ ಹಿಂದಕ್ಕೆ ಹೋಗುತ್ತದೆ.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ನಿಮ್ಮ ಅತ್ತೆಯವರ ದೀಪ. ಅದನ್ನು ನೀವು ಪತ್ರದಲ್ಲಿ ಸ್ವಲ್ಪ ಸಂಕೋಚದಿಂದಲೇ ಬರೆದಿದ್ದೀರಿ ಅನಿಸಿತು. ಸಂಕೋಚ ಬೇಡ. ದಂಡೆಯ ವಿನ್ಯಾಸಕ್ಕೆ ನಾನು ಇಡುವ ಪರೀಕ್ಷೆ ಅದೇ: ಎಪ್ಪತ್ತು ದಾಟಿದ ಒಬ್ಬ ಹೆಂಗಸು ಯಾರ ಕೈಯನ್ನೂ ಹಿಡಿಯದೆ ಇಳಿದು, ಬಗ್ಗಿ, ನೀರಿಗೆ ದೀಪ ಬಿಟ್ಟು, ಮತ್ತೆ ಮೇಲೆ ಹತ್ತಿ ಬರಲು ಆಗಬೇಕು. ನಕ್ಷೆಯಲ್ಲಿ ಅದಕ್ಕೆ ಜಾಗ ಇಲ್ಲ ಅಂದರೆ ಅಲ್ಲಿ ಜನ ಹೊಳೆಯನ್ನು ನೋಡಬಹುದು, ಅಷ್ಟೇ. ಎಂಟು ಅಡಿ ಮೇಲಿಂದ ಗ್ರಿಲ್ ಹಿಡಿದು ನೋಡುವ ಹೊಳೆ ಟಿವಿಯಲ್ಲಿ ಕಂಡ ಹೊಳೆಯಷ್ಟೇ ದೂರ. ದೂರದಿಂದ ನೋಡುವವರಿಗೆ ನೀರು ಕೆಟ್ಟಿದ್ದು ಗೊತ್ತಾಗುವುದು ನಾತ ಬಂದ ಮೇಲೆ. ದಿನಾ ಕೈ ಅದ್ದುವವರಿಗೆ ಮೊದಲ ವಾರವೇ ಗೊತ್ತಾಗುತ್ತದೆ.

ನಮ್ಮ ಹಳಬರು ಇದನ್ನು ಹೇಗೆ ಮಾಡಿದ್ದರು ಅಂತ ತುಂಗೆಯ ಉದ್ದಕ್ಕೂ ನೋಡಬಹುದು. ಶೃಂಗೇರಿಯಲ್ಲಿ ಮೆಟ್ಟಿಲ ಮೇಲೆ ಕೂತು ಮಕ್ಕಳು ಮೀನಿಗೆ ಮಂಡಕ್ಕಿ ಹಾಕುತ್ತಾರೆ. ಅದೇ ಜಾಗದ ಕಪ್ಪೆ ಶಂಕರನ ಗುಡಿ ಜೋರು ಮಳೆಯಲ್ಲಿ ಮುಳುಗುತ್ತದೆ. ತೀರ್ಥಹಳ್ಳಿಯ ರಾಮಮಂಟಪ ಮುಳುಗುತ್ತದೆ. ಶಿವಮೊಗ್ಗದಲ್ಲಿ ಕೋರ್ಪಲಯ್ಯನ ಛತ್ರದ ಹತ್ತಿರದ ಮಂಟಪ ಮುಳುಗಿತು ಅಂದರೆ ಹೊಳೆ ತುಂಬಿತು ಅಂತ ಲೆಕ್ಕ, ಜನ ನೋಡಲು ಬರುತ್ತಾರೆ. ಕಪಿಲೆಯ ದಂಡೆಯ ನಂಜನಗೂಡಿನಲ್ಲಿ ಹದಿನಾರು ಕಾಲು ಮಂಟಪವೂ ಹಾಗೆಯೇ. ಇವೆಲ್ಲ ಮುಳುಗಿ, ನೀರು ಇಳಿದ ಮೇಲೆ ಇದ್ದ ಹಾಗೇ ಎದ್ದು ನಿಲ್ಲುತ್ತವೆ. ಮಂಟಪಗಳಿಗೆ ಗೋಡೆ ಇಲ್ಲ, ಕಂಬ ಮಾತ್ರ, ನೀರು ನಡುವೆ ಹಾದುಹೋಗುತ್ತದೆ. ಜೊತೆಗೆ ಅವು ಊರಿನ ಅಳತೆಗೋಲೂ ಹೌದು. ಎಷ್ಟನೇ ಮೆಟ್ಟಿಲು ಮುಳುಗಿದೆ ಅಂತ ಹೇಳಿದರೆ ಇಡೀ ಊರಿಗೆ ಅರ್ಥವಾಗುತ್ತದೆ.

ನಿಮ್ಮೂರಿನ ಹಳೇ ಮೆಟ್ಟಿಲನ್ನೂ ಒಮ್ಮೆ ಹತ್ತಿರದಿಂದ ನೋಡಿ. ನಾನು ಕೆಲಸ ಮಾಡಿದ ಕಡೆಯೆಲ್ಲ ಟೇಪು ಹಿಡಿದು ಅಳೆದಿದ್ದೇನೆ. ಒಂದೊಂದು ಮೆಟ್ಟಿಲ ಎತ್ತರ ಒಂದು ಗೇಣಿಗಿಂತ ಕಡಿಮೆ, ಅಗಲ ಒಂದೂವರೆ ಅಡಿ. ಹತ್ತು ಹನ್ನೆರಡು ಮೆಟ್ಟಿಲಿಗೊಂದು ನಿಂತು ಉಸಿರಾಡುವಷ್ಟು ಅಗಲದ ಚಪ್ಪಡಿ. ಮೇಲಿನ ಮೆಟ್ಟಿಲುಗಳು ನಡುವೆ ಸವೆದು ತಟ್ಟೆಯ ಹಾಗೆ ತಗ್ಗಾಗಿರುತ್ತವೆ. ನೀರಿನ ಹತ್ತಿರದವು ಮಾತ್ರ ಇನ್ನೂ ಒರಟು, ಜಾರದಿರಲಿ ಅಂತ ಉಳಿಯ ಗೆರೆ ಹೊಡೆದದ್ದು ಕಾಲಿಗೆ ತಾಗುತ್ತದೆ. ಕಲ್ಲಿನ ಸಂದಿಗೆ ಸಿಮೆಂಟ್ ಇರುವುದಿಲ್ಲ, ಹಿಂದಿನ ಮಣ್ಣು ಕುಡಿದ ನೀರು ಅಲ್ಲಿಂದ ಸೋರಿ ಹೊರಗೆ ಬರುತ್ತದೆ. ನೆರೆ ಸರ್ರನೆ ಇಳಿದಾಗ ಹಿಂದೆ ನೀರು ತುಂಬಿಕೊಂಡು ಗೋಡೆಯನ್ನು ಮುಂದಕ್ಕೆ ನೂಕುತ್ತದಲ್ಲ, ಆ ಒತ್ತಡ ಇಲ್ಲಿ ಹುಟ್ಟುವುದೇ ಇಲ್ಲ. ಇಂಥದ್ದನ್ನು ಒಡೆಯಬಾರದು. ಕುಸಿದಿದ್ದರೆ ಕಲ್ಲಿಗೆ ನಂಬರ್ ಹಾಕಿ ಬಿಚ್ಚಿ, ಕೆಳಗೆ ಜಲ್ಲಿ ಹಾಸಿ, ಮತ್ತೆ ಕೂರಿಸಬಹುದು. ಕಲ್ಲಿನ ಕೆಲಸ ಬಲ್ಲವರು ನಮ್ಮಲ್ಲಿ ಇನ್ನೂ ಇದ್ದಾರೆ.

ಆ ಹುಡುಗನ ವಿಷಯ ಓದಿ ಮನಸ್ಸಿಗೆ ನೋವಾಯಿತು. ಗ್ರಿಲ್ ಇದ್ದಿದ್ದರೆ ಅವನು ಬದುಕುತ್ತಿದ್ದನಾ? ನನ್ನ ಅನುಭವದಲ್ಲಿ ಈಜುವ ಹುಡುಗರನ್ನು ಗ್ರಿಲ್ ತಡೆಯುವುದಿಲ್ಲ. ಅವರು ಗ್ರಿಲ್ ಮುಗಿಯುವ ಜಾಗಕ್ಕೆ ಹೋಗುತ್ತಾರೆ, ಯಾರೂ ಕಾಣದ ಕಡೆ ಇಳಿಯುತ್ತಾರೆ. ನೇರ ಗೋಡೆಯ ಅಪಾಯ ಇನ್ನೂ ಜಾಸ್ತಿ: ಬಿದ್ದವರಿಗೆ ಹತ್ತಿ ಬರಲು ಹಿಡಿತವೇ ಇರುವುದಿಲ್ಲ. ನಮ್ಮ ಹೊಳೆಗಳಲ್ಲಿ ಜೀವ ಹೋಗುವುದು ಹೆಚ್ಚಾಗಿ ಕಾಲಿಟ್ಟಲ್ಲಿ ದಿಢೀರ್ ಆಳ ಸಿಕ್ಕಾಗ. ಮರಳು ತೆಗೆದ ಗುಂಡಿ, ಬಂಡೆಯ ಪಕ್ಕದ ಮಡು, ಪಾಚಿ ಕಟ್ಟಿದ ಕೊನೆಯ ಮೆಟ್ಟಿಲು, ಮೇಲಿಂದ ಹಠಾತ್ತಾಗಿ ಬಿಟ್ಟ ನೀರು. ಉಪಾಯವೂ ಅಲ್ಲೇ ಇದೆ. ಈಜಲು ಒಂದು ಜಾಗ ಗೊತ್ತುಮಾಡಿ, ಅಲ್ಲಿ ನೀರಿನ ಕೆಳಗೂ ಮೆಟ್ಟಿಲು ಮುಂದುವರಿದು ಸೊಂಟದ ಆಳದಲ್ಲಿ ಒಂದು ಅಗಲವಾದ ಕಟ್ಟೆ ಇರಲಿ. ಅದರ ಅಂಚಿಗೆ ಕಂಬ, ಸರಪಳಿ. ಗುಂಡಿ ಇದ್ದರೆ ಬೇಸಿಗೆಯಲ್ಲಿ ಮುಚ್ಚಿಸಬೇಕು. ದೂರಕ್ಕೆ ಕಾಣುವ ಹಾಗೆ ಆಳದ ಗುರುತು, ಕೈಗೆ ಸಿಗುವ ಕಡೆ ತೇಲುವ ಟ್ಯೂಬು ಮತ್ತು ಹಗ್ಗ. ಗೇಟು ತೆರೆದಾಗ ಕೂಗುವ ಸೈರನ್. ಇದಕ್ಕೆಲ್ಲ ಮೇಲೆ, ಊರಿನ ಹರಿಗೋಲಿನವರನ್ನೋ ಮೀನು ಹಿಡಿಯುವವರನ್ನೋ ಸಂಬಳ ಕೊಟ್ಟು ಕಾವಲಿಗೆ ಇಟ್ಟುಕೊಳ್ಳಿ. ಹೊಳೆಯ ಸುಳಿ ಎಲ್ಲೆಲ್ಲಿದೆ ಅಂತ ಅವರಿಗೆ ಗೊತ್ತಿರುವಷ್ಟು ಯಾವ ಸರ್ವೆಯವರಿಗೂ ಗೊತ್ತಿರುವುದಿಲ್ಲ.

ಗ್ರಿಲ್ ಬಗ್ಗೆ ನನ್ನದೇ ಒಂದು ತಪ್ಪು ಹೇಳಬೇಕು. ಹಲವು ವರ್ಷದ ಹಿಂದೆ ಒಂದು ಊರಿನ ದಂಡೆಯ ಕೆಲಸದ ತಂಡದಲ್ಲಿ ನಾನಿದ್ದೆ. ಕೆಳಗಿನ ದಾರಿಗೆ ಉದ್ದಕ್ಕೂ ಚೆಂದದ ಸ್ಟೀಲ್ ಗ್ರಿಲ್ ಹಾಕಿಸಿದೆವು. ಮೊದಲ ಮಳೆಗಾಲದಲ್ಲೇ ಮೇಲಿಂದ ಮರದ ದಿಮ್ಮಿ, ಬಿದಿರಿನ ಮೆಳೆ, ಬಾಳೆಗಿಡ, ಪ್ಲಾಸ್ಟಿಕ್ ಎಲ್ಲ ತೇಲಿ ಬಂದವು. ಗ್ರಿಲ್ ಮೀನಿನ ಬಲೆಯ ಹಾಗೆ ಅದನ್ನೆಲ್ಲ ಹಿಡಿಯಿತು. ಕಸದ ಮೇಲೆ ಕಸ ಕೂತು ನೀರಿನ ಪೂರ್ತಿ ನೂಕು ಅದರ ಮೇಲೆ ಬಿತ್ತು. ಕಂಬಗಳು ತಾವು ನಿಂತಿದ್ದ ಕಾಂಕ್ರೀಟ್ ತುಂಡಿನ ಸಮೇತ ಕಿತ್ತುಬಂದವು. ನೀರಿಳಿದ ಮೇಲೆ ಹೋಗಿ ನೋಡಿದರೆ ಮೊಣಕಾಲುದ್ದ ಹೂಳು. ನಾಲ್ಕು ದಿನ ಬಿಟ್ಟು ಜನ ಬಂದು ಸಲಿಕೆ ಹಾಕಿದರು, ಅಷ್ಟೊತ್ತಿಗೆ ಅದು ಒಣಗಿ ಇಟ್ಟಿಗೆಯಾಗಿತ್ತು. ಅಂದಿನಿಂದ ನೆರೆ ಮುಟ್ಟುವ ಎತ್ತರದಲ್ಲಿ ನಾನು ಗ್ರಿಲ್, ದೀಪದ ಕಂಬ, ಇಂಟರ್‌ಲಾಕ್ ಟೈಲ್ಸ್ ಯಾವುದನ್ನೂ ಹಾಕುವುದಿಲ್ಲ. ಗಟ್ಟಿ ಕಲ್ಲು, ಬಗ್ಗುವ ಗಿಡ ಅಷ್ಟೇ. ನೀರು ಇಳಿಯುತ್ತಿರುವಾಗಲೇ, ಹೂಳು ಹಸಿ ಇರುವಾಗಲೇ ಪೈಪ್ ಹಿಡಿದು ತೊಳೆಯಲು ಜನ ಮತ್ತು ದುಡ್ಡು ಗೊತ್ತುಮಾಡಿ ಇಡಬೇಕು. ಇದು ಪ್ರತಿ ವರ್ಷದ ಖರ್ಚು, ಡಿಪಿಆರ್‌ನಲ್ಲಿ ಇದಕ್ಕೊಂದು ಸಾಲು ಇದೆಯಾ ನೋಡಿ.

ಹಾಗಾದರೆ ಗೋಡೆಯೇ ಬೇಡವಾ? ಹಾಗಲ್ಲ. ಹೊಳೆ ತಿರುವು ತೆಗೆದುಕೊಂಡು ಹೊರ ದಂಡೆಯನ್ನು ಕೊರೆಯುತ್ತಿದ್ದು, ಅಂಚಿಗೇ ಮನೆ, ಗುಡಿ, ರಸ್ತೆ ಇದ್ದರೆ ಅಲ್ಲಿ ಗೋಡೆ ಬೇಕಾಗಬಹುದು. ಆದರೆ ಅದು ಈಗಿನ ದಂಡೆಯ ಗೆರೆಯಲ್ಲೇ ಇರಲಿ, ಹೊಳೆಯೊಳಗೆ ಒಂದು ಮೀಟರ್ ಕೂಡ ಬೇಡ. ಐವತ್ತು ಮೀಟರಿಗೊಂದು ಹತ್ತಿ ಬರುವ ಏಣಿ ಅಥವಾ ಮೆಟ್ಟಿಲು ಇರಲಿ. ಉಳಿದ ಕಡೆ ಎರಡು ಹಂತದ ದಂಡೆ ಮಾಡಬಹುದು: ಮೇಲೆ, ನೆರೆ ಮಟ್ಟಕ್ಕಿಂತ ಎತ್ತರದಲ್ಲಿ, ನಡೆಯುವ ದಾರಿ, ದೀಪ, ಶೌಚಾಲಯ, ಬೆಂಚು, ಗಾಡಿ ಅಂಗಡಿ. ಕೆಳಗೆ, ವರ್ಷಕ್ಕೆ ಕೆಲವು ವಾರ ಮುಳುಗಲಿ ಅಂತಲೇ ಬಿಟ್ಟ ಕಲ್ಲಿನ ಮೆಟ್ಟಿಲು ಮತ್ತು ಹುಲ್ಲುಹಾಸು. ಮೆಟ್ಟಿಲು ಇಳಿಯಲಾಗದವರಿಗೆ ಒಂದು ಕಡೆಯಾದರೂ 12 ಅಡಿಗೆ ಒಂದು ಅಡಿ ಏರುವ ಇಳಿಜಾರು ದಾರಿ. ಬಟ್ಟೆ ಒಗೆಯುವವರಿಗೆ ಅದೇ ದಂಡೆಯಲ್ಲಿ ಕಲ್ಲು, ನೀರಿನ ತೊಟ್ಟಿ, ಸೋಪಿನ ನೀರು ಹೊಳೆಗೆ ಬೀಳದೆ ಯುಜಿಡಿಗೆ ಹೋಗುವ ಮೋರಿ. ಅವರನ್ನು ಊರಾಚೆ ಕಳಿಸುವುದು ಬೇಡ, ಇಷ್ಟು ವರ್ಷ ಆ ದಂಡೆಯನ್ನು ದಿನಾ ಬಳಸಿ ಉಳಿಸಿದವರು ಅವರು.

ಮನೆಗಳಿಲ್ಲದ ಉದ್ದದಲ್ಲಿ ದಂಡೆಯನ್ನು ಹಾಗೇ ಬಿಟ್ಟು, ಕೊರೆತ ಇರುವ ಕಡೆ ಬೇರು ಬಿಡುವ ಗಿಡ ಹಾಕುವುದು ಎಲ್ಲಕ್ಕಿಂತ ಅಗ್ಗ. ಹೊಳೆಮತ್ತಿ, ನೇರಳೆ, ಹೊಂಗೆ, ಅತ್ತಿ, ಬಿದಿರು, ಬುಡಕ್ಕೆ ಲಾವಂಚ. ಇದಕ್ಕೂ ತೊಂದರೆ ಇದೆ: ಬೇರು ಹಿಡಿಯಲು ಎರಡು ಮೂರು ವರ್ಷ ಬೇಕು, ಮೊದಲ ನೆರೆಗೆ ಅರ್ಧ ಗಿಡ ಹೋಗಬಹುದು, ಉದ್ಘಾಟನೆಯ ದಿನ ಫೋಟೋಕ್ಕೆ ಏನೂ ಕಾಣುವುದಿಲ್ಲ. ಸಿಂಗಪುರದಲ್ಲಿ ಇದನ್ನೇ ದೊಡ್ಡದಾಗಿ ಮಾಡಿದ್ದಾರೆ. ಬಿಶಾನ್–ಆಂಗ್ ಮೊ ಕಿಯೊ ಪಾರ್ಕಿನ ಪಕ್ಕ 2.7 ಕಿಲೋಮೀಟರ್ ನೇರ ಕಾಂಕ್ರೀಟ್ ಕಾಲುವೆ ಇತ್ತು. ಅದನ್ನು ಒಡೆದು 3 ಕಿಲೋಮೀಟರಿಗೂ ಉದ್ದದ ಬಳುಕುವ ಹೊಳೆ ಮಾಡಿ 2012ರಲ್ಲಿ ತೆರೆದರು. ಮಳೆ ಬಂದಾಗ ಪಾರ್ಕಿನ ಹುಲ್ಲುಹಾಸೇ ಹೊಳೆಯ ಪಾತ್ರವಾಗುತ್ತದೆ, ಜನ ಮೇಲೆ ಬರಲಿ ಅಂತ ಸೈರನ್, ಕೆಂಪು ದೀಪ ಇವೆ. ಹೊಳೆಗೆ ಜಾಗ ಬಿಟ್ಟುಕೊಟ್ಟಿದ್ದರಿಂದ ನೀರು ಸಾಗಿಸುವ ಶಕ್ತಿ ಕಡಿಮೆ ಆಗಲಿಲ್ಲ, ಸುಮಾರು ಶೇಕಡಾ 40 ಜಾಸ್ತಿಯಾಯಿತು. ಜರ್ಮನಿಯ ಮ್ಯೂನಿಕ್‌ನಲ್ಲಿ ಈಸಾರ್ ಹೊಳೆಯ 8 ಕಿಲೋಮೀಟರಿನಲ್ಲಿ 2000ದಿಂದ 2011ರವರೆಗೆ ಹಳೆಯ ಗಟ್ಟಿ ಅಂಚು ಕಿತ್ತು, ಪಾತ್ರ ಅಗಲ ಮಾಡಿ, ದಂಡೆಯನ್ನು ಜಲ್ಲಿಕಲ್ಲಿನ ಇಳಿಜಾರು ಮಾಡಿದರು. ಅಷ್ಟೇ ಮುಖ್ಯವಾಗಿ, ಮೇಲಿನ ಊರುಗಳ ಎಸ್‌ಟಿಪಿಗಳಲ್ಲಿ (ಕೊಳಚೆ ನೀರು ಶುದ್ಧ ಮಾಡುವ ಘಟಕಗಳಲ್ಲಿ) ಸ್ನಾನದ ಕಾಲದಲ್ಲಿ ನೀರನ್ನು ನೇರಳಾತೀತ ಬೆಳಕಿನಿಂದ ಶುದ್ಧ ಮಾಡುವ ವ್ಯವಸ್ಥೆ ತಂದರು. ಈಗ ಬೇಸಿಗೆಯಲ್ಲಿ ಆಫೀಸ್ ಮುಗಿಸಿದವರು ಹೊಳೆಗಿಳಿಯುತ್ತಾರೆ. ಹನ್ನೊಂದು ವರ್ಷ ಹಿಡಿದ ಕೆಲಸ ಅದು, ನಿಮ್ಮಲ್ಲಿ ಹದಿನೆಂಟು ತಿಂಗಳಲ್ಲಿ ಮುಗಿಸುತ್ತೇವೆ ಅಂದರೆ ಯಾವುದನ್ನು ಬಿಟ್ಟುಬಿಟ್ಟಿದ್ದಾರೆ ಅಂತ ಕೇಳಿ.

ವಾರ್ಡ್ ಸಭೆಯಲ್ಲಿ ಉದ್ದ ಭಾಷಣ ಬೇಡ. ಡಿಪಿಆರ್‌ನ ಅಡ್ಡಕೊಯ್ತದ ಚಿತ್ರ, ಅಂದರೆ ದಂಡೆಯನ್ನು ಚಾಕುವಿನಲ್ಲಿ ಕತ್ತರಿಸಿದ ಹಾಗೆ ತೋರಿಸುವ ನಕ್ಷೆ, ತೋರಿಸಿ ಅಂತ ಕೇಳಿ. ಬಣ್ಣದ ಚಿತ್ರದಲ್ಲಿ ಹೊಳೆ ಯಾವಾಗಲೂ ನೀಲಿ, ಯಾವಾಗಲೂ ಶಾಂತ. ಅಡ್ಡಕೊಯ್ತ ಸುಳ್ಳು ಹೇಳಲಾರದು. ಅದರಲ್ಲಿ ಬೇಸಿಗೆಯ ನೀರಿನ ಗೆರೆ ಎಲ್ಲಿದೆ, 2019ರ ನೆರೆಯ ಗೆರೆ ಎಲ್ಲಿದೆ, ಈಗಿನ ದಂಡೆ ಎಲ್ಲಿ, ಹೊಸ ಗೋಡೆ ಎಲ್ಲಿ ಅಂತ ಬೆರಳಿಟ್ಟು ಕೇಳಿ. ಗೋಡೆ ಕಟ್ಟಿದ ಮೇಲೆ ನೆರೆ ಮಟ್ಟ ಎಷ್ಟು ಏರುತ್ತದೆ, ಎದುರು ದಂಡೆಯವರಿಗೆ ಹೇಳಿದ್ದೀರಾ ಅಂತ ಕೇಳಿ. '100 ವರ್ಷದ ನೆರೆಗೆ ಮಾಡಿದ್ದೀವಿ' ಅನ್ನಬಹುದು. ಅದರ ಅರ್ಥ ಇನ್ನು ನೂರು ವರ್ಷ ಬರಲ್ಲ ಅಂತಲ್ಲ. ಪ್ರತಿ ವರ್ಷವೂ ನೂರಕ್ಕೆ ಒಂದು ಪಾಲು ಸಾಧ್ಯತೆ ಇದೆ ಅಂತ. ಮೂವತ್ತು ವರ್ಷದ ಮನೆಸಾಲ ತೀರುವುದರೊಳಗೆ ಒಮ್ಮೆಯಾದರೂ ಬರುವ ಸಾಧ್ಯತೆ ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು.

ಸಭೆಗೆ ಮುಂಚೆ ಒಂದು ಕೆಲಸ ಮಾಡಿ. ನಿಮ್ಮ ಅತ್ತೆಯವರನ್ನು, ಅವರ ವಯಸ್ಸಿನ ಇನ್ನೂ ಮೂರ್ನಾಲ್ಕು ಜನರನ್ನು ಕರೆದುಕೊಂಡು ದಂಡೆಗೆ ಹೋಗಿ. ಯಾವ ವರ್ಷ ಎಲ್ಲಿವರೆಗೆ ನೀರು ಬಂದಿತ್ತು ಅಂತ ಕೇಳಿ. ಗುಡಿಯ ಎಷ್ಟನೇ ಮೆಟ್ಟಿಲು, ಯಾರ ಮನೆಯ ಜಗಲಿ, ಯಾವ ಮರದ ಕವಲು, ಅವರಿಗೆ ನೆನಪಿರುತ್ತದೆ. ಅಲ್ಲಲ್ಲಿ ಸುಣ್ಣದಲ್ಲಿ ಗೆರೆ ಎಳೆದು ವರ್ಷ ಬರೆದು ಫೋಟೋ ತೆಗೆಯಿರಿ, ಗೆರೆಯ ಪಕ್ಕ ಯಾರಾದರೂ ನಿಂತಿರಲಿ, ಎತ್ತರ ಗೊತ್ತಾಗುತ್ತದೆ. ಆ ಫೋಟೋಗಳನ್ನೂ ಅಡ್ಡಕೊಯ್ತದ ಒಂದು ಪ್ರತಿಯನ್ನೂ ನನಗೆ ಕಳಿಸಿ. ಎರಡನ್ನೂ ಪಕ್ಕಪಕ್ಕ ಇಟ್ಟು, ಹಳೇ ಮೆಟ್ಟಿಲನ್ನು ಉಳಿಸಿಕೊಂಡೇ ದಾರಿಯನ್ನು ಎಲ್ಲಿಂದ ತೆಗೆದುಕೊಂಡು ಹೋಗಬಹುದು ಅಂತ ಗೀಟು ಹಾಕಿ ಕಳಿಸುತ್ತೇನೆ.